ಎರಡು ತಕ್ಕಡಿ, ಒಂದು ಲೆಕ್ಕ: 23ನೇ ನಂಬರಿನ 28 ಕಿಲೋ ಎಲ್ಲಿ ಹೋಯಿತು?

ಆಲ್ದೂರು ಕಣ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಆಲ್ದೂರಿನ ಹತ್ತಿರ ನಮ್ಮ ಮಾವನವರ ತೋಟ ಇದೆ. ಅರೇಬಿಕಾ ಕುಯ್ಲು ನಡೀತಿದೆ. ಸಂಜೆ ಕಣದಲ್ಲಿ ಹಣ್ಣು ತೂಗುವ ಲೆಕ್ಕಕ್ಕೆ ನಾನೇ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದಿದ್ದೆ. ಎಲೆಕ್ಟ್ರಾನಿಕ್ ತಕ್ಕಡಿ ಎರಡು, ಲ್ಯಾಪ್‌ಟಾಪ್ ಒಂದು. ತಕ್ಕಡಿಗೊಂದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಬೇರೆಯಾಗಿ ಓಡುವ ಕೆಲಸ. ಕುಯ್ಯುವವರು ಬಂದು ನಂಬರ್ ಹೇಳ್ತಾರೆ, ಮೇಸ್ತ್ರಿ ಒತ್ತುತ್ತಾರೆ, ಚೀಲ ಇಡ್ತಾರೆ, ಅಂಕಿ ಅಲ್ಲಾಡೋದು ನಿಂತ ಮೇಲೆ ಅವರ ಒಟ್ಟಿಗೆ ಕಿಲೋ ಸೇರುತ್ತೆ, ಚೀಟಿ ಬರುತ್ತೆ. ಮೂರನೇ ಥ್ರೆಡ್ ಐದು ನಿಮಿಷಕ್ಕೊಮ್ಮೆ ಎಲ್ಲರ ಒಟ್ಟನ್ನೂ ಮಾವನವರ ಫೋನಿಗೆ ಕಳಿಸುತ್ತೆ.

ನಿನ್ನೆ ಬಟವಾಡೆ. 23ನೇ ನಂಬರಿನವರು ಶುಕ್ರವಾರದ ಮೂರು ಚೀಟಿ ತಂದು ಮೇಜಿನ ಮೇಲಿಟ್ಟರು. 31, 28, 26. ಕೂಡಿದರೆ 85. ನನ್ನ ಪಟ್ಟಿಯಲ್ಲಿ 57 ಅಂತಿದೆ. ಗಂಡ ಹೆಂಡತಿ ಇಬ್ಬರೂ ಒಂದೇ ನಂಬರಿನಲ್ಲಿ ತೂಗಿಸ್ತಾರೆ. ಆಯಮ್ಮ ಜಗಳ ಮಾಡಲಿಲ್ಲ, "ನೋಡಿ ಅಮ್ಮ, ಹೆಚ್ಚುಕಮ್ಮಿ ಆಗಿರಬಹುದು" ಅಂದರು. ದುಡ್ಡು ಕೊಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಚೀಟಿ ಬಿಸಾಕಿದವರ ಗತಿ ಏನು?

ತಪ್ಪು ಮಾಡಿಸೋಕೆ ಇಡೀ ದಿನ ಪ್ರಯತ್ನಪಟ್ಟೆ. ನಾನೊಬ್ಬಳೇ ತೂಗಿದರೆ ಒಂದು ಸಲವೂ ತಪ್ಪಲ್ಲ. ಲೆಕ್ಕ ಸೇರಿಸುವ ಸಾಲು ಇಷ್ಟೇ:

ಒಟ್ಟು[ನಂಬರ್] += ಸ್ಥಿರ_ತೂಕ()

ಬೇಲೂರು ಬಿಇ · ಭಾನುವಾರ, ರಾತ್ರಿ 10:05

ಅಕ್ಕ, ತಕ್ಕಡಿಯ ಕೇಬಲ್ ಲೂಸ್ ಇರಬಹುದಾ? ಪೈಥಾನ್‌ನಲ್ಲಿ ಜಿಐಎಲ್ ಅನ್ನೋ ಒಳಬೀಗ ಇದೆಯಲ್ಲ, ಒಂದು ಸಲಕ್ಕೆ ಒಂದೇ ಥ್ರೆಡ್ ಓಡೋದು. ಇಬ್ಬರು ಒಟ್ಟಿಗೆ ಬರೆಯೋ ಪ್ರಶ್ನೆಯೇ ಬರಲ್ಲ ಅಂತ ನಮಗೆ ಹೇಳಿಕೊಟ್ಟಿದ್ದಾರೆ.

ಹಾಸನ ಮೇಷ್ಟ್ರು · ಭಾನುವಾರ, ರಾತ್ರಿ 10:50

ಕೇಬಲ್ ಸರಿಯಾಗಿದೆ. ಚೀಟಿಯಲ್ಲಿ 28 ಬಂದಿದೆ ಎಂದರೆ ತೂಕ ಒಳಗೆ ಬಂದಿದೆ, ಒಟ್ಟಿನಲ್ಲಿ ನಿಂತಿಲ್ಲ, ಅಷ್ಟೇ. ಕಳೆದಿರುವುದು ಅರ್ಧ ಕಿಲೋ, ಕಾಲು ಕಿಲೋ ಅಲ್ಲ, ಸರಿಯಾಗಿ ಒಂದು ಚೀಲ. ಅದೇ ನಮಗೆ ಸಿಕ್ಕಿರುವ ಸುಳಿವು.

ಆ ಒಂದು ಸಾಲು ನೋಡಲು ಒಂದೇ ಕೆಲಸದಂತೆ ಕಂಡರೂ ಅದರೊಳಗೆ ನಾಲ್ಕು ಹೆಜ್ಜೆಗಳಿವೆ. ಹಳೆಯ ಒಟ್ಟನ್ನು ಎತ್ತಿಕೊಳ್ಳುವುದು, ತೂಕ ತರುವುದು, ಕೂಡುವುದು, ವಾಪಸು ಇಡುವುದು. ಪೈಥಾನ್‌ನಲ್ಲಿ ಇಂಥ ಸಾಲಿನ ಎಡಗಡೆಯ ಬೆಲೆಯನ್ನು ಮೊದಲು ಓದುತ್ತಾರೆ, ಆಮೇಲೆ ಬಲಗಡೆಯ ಫಂಕ್ಷನ್ ಕರೆಯುತ್ತಾರೆ. ಇದು ಭಾಷೆಯ ನಿಯಮದಲ್ಲೇ ಇದೆ. ನಿಮ್ಮ ಬಲಗಡೆ ಇರುವುದು ಅಂಕಿ ನಿಲ್ಲುವ ತನಕ ಕಾಯುವ ಫಂಕ್ಷನ್. ಎಷ್ಟು ಹೊತ್ತು ಕಾಯುತ್ತದೆ?

ಆಲ್ದೂರು ಕಣ · ಭಾನುವಾರ, ರಾತ್ರಿ 10:58

ಎರಡು ಮೂರು ಸೆಕೆಂಡ್ ಸರ್. ಚೀಲ ಎತ್ತಿ ಇಡೋದು ತಡವಾದರೆ ಹತ್ತು ಸೆಕೆಂಡ್ ಕೂಡ ಆಗುತ್ತೆ.

ಹಾಸನ ಮೇಷ್ಟ್ರು · ಭಾನುವಾರ, ರಾತ್ರಿ 11:20

ಹಾಗಾದರೆ ಶುಕ್ರವಾರ ಸಂಜೆ ನಡೆದದ್ದನ್ನು ಚೀಟಿಯಿಂದಲೇ ಓದಬಹುದು. ಮೊದಲ ಚೀಲ ಸೇರಿ ಒಟ್ಟು 31 ಆಗಿತ್ತು. ಹೆಂಡತಿ ಒಂದನೇ ತಕ್ಕಡಿಗೆ ಬಂದರು. ಆ ಥ್ರೆಡ್ 31 ಅನ್ನು ಕೈಯಲ್ಲಿ ಹಿಡಿದು ಚೀಲಕ್ಕೆ ಕಾಯುತ್ತ ನಿಂತಿತು. ಅಷ್ಟರಲ್ಲಿ ಗಂಡ ಎರಡನೇ ತಕ್ಕಡಿಗೆ ಬಂದರು. ಆ ಥ್ರೆಡ್ಡೂ 31 ಓದಿತು, 28 ಬಂತು, 59 ಎಂದು ಬರೆದು ಮುಗಿಸಿತು. ಈಗ ಒಂದನೇ ತಕ್ಕಡಿಯಲ್ಲಿ ಅಂಕಿ ನಿಂತಿತು, 26. ಅದರ ಕೈಯಲ್ಲಿರುವುದು ಹಳೆಯ 31. ಕೂಡಿ 57 ಎಂದು 59ರ ಮೇಲೆಯೇ ಬರೆಯಿತು. ನೀವೊಬ್ಬರೇ ತೂಗಿದಾಗ ಇದು ಎಂದಿಗೂ ಆಗದು.

ಜಿಐಎಲ್ ಬಗ್ಗೆ ಬೇಲೂರಿನ ತಮ್ಮನಿಗೆ: ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಓಡಿಸುತ್ತದೆ ಎಂಬುದು ನಿಜ. ಆದರೆ ಯಾವ ಹೆಜ್ಜೆಯಲ್ಲಿ ಸರದಿ ಬದಲಾಗಬೇಕು ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಮಾಮೂಲಿಗೆ 5 ಮಿಲಿಸೆಕೆಂಡಿಗೊಮ್ಮೆ ಬೇರೆ ಥ್ರೆಡ್ಡಿಗೆ ಸರದಿ ಬಿಟ್ಟುಕೊಡುವ ಏರ್ಪಾಡಿದೆ. ಕೇಬಲ್ಲಿನಿಂದ ಓದಲು ಕಾಯುವಾಗಲಂತೂ ಜಿಐಎಲ್ ಅನ್ನು ಬಿಟ್ಟೇ ಕಾಯುವುದು. ಅದು ಕಾಪಾಡುವುದು ಪೈಥಾನ್ ಓಡಿಸುವ ಇಂಟರ್‌ಪ್ರಿಟರ್‌ನ ಹೊಟ್ಟೆಯೊಳಗಿನ ಲೆಕ್ಕವನ್ನು, ಕಣದ ಲೆಕ್ಕವನ್ನಲ್ಲ. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಜಿಐಎಲ್ ಇಲ್ಲದ ಪೈಥಾನ್ ಕೂಡ ಪ್ರಯೋಗಕ್ಕೆ ಬಂತು, ಅದರ ನೆರಳಿನಲ್ಲಿ ಇರುವ ಅಭ್ಯಾಸವನ್ನು ಈಗಲೇ ಬಿಡುವುದು ಒಳ್ಳೆಯದು.

ಇನ್ನೊಂದು ಮಾತು. ಈ ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತದೆ. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆದರೆ ಚೀಲ ಮಾಯವಾಗುತ್ತದೆಯೇ ಹೊರತು ಹುಟ್ಟುವುದಿಲ್ಲ. ನಷ್ಟ ಪ್ರತಿ ಸಲವೂ ಕುಯ್ದವರಿಗೇ. ಆದ್ದರಿಂದ ಇದನ್ನು ಸಣ್ಣ ಬಗ್ ಎಂದು ನಾನು ಒಪ್ಪಲಾರೆ.

ಆಲ್ದೂರು ಕಣ · ಸೋಮವಾರ, ರಾತ್ರಿ 8:15

ಓದಿ ಮೈ ಜುಮ್ ಅಂತು ಸರ್. ಗಂಡನಿಗೆ ಫೋನ್ ಮಾಡಿಸಿ ಕೇಳಿದೆ. ಹೌದು, ಶುಕ್ರವಾರ ಇಬ್ಬರೂ ಒಟ್ಟಿಗೆ ಬೇರೆಬೇರೆ ತಕ್ಕಡಿಗೆ ಹೋಗಿದ್ದರಂತೆ.

ಇವತ್ತು ಬೆಳಿಗ್ಗೆ ಲಾಕ್ ಹಾಕಿದೆ, ಒಂದು ಥ್ರೆಡ್ ಅದನ್ನು ಹಿಡಿದಿರುವಾಗ ಇನ್ನೊಂದು ಕಾಯುವ ಹಾಗೆ. ಆ ಸಾಲನ್ನು ಹಾಗೇ ಇಟ್ಟು ಸುತ್ತ ಲಾಕ್ ಸುತ್ತಿದೆ. ಲೆಕ್ಕ ಸರಿ ಬಂತು, ಆದರೆ ಸಂಜೆ ಬೇರೆ ಫಜೀತಿ. ಒಂದನೇ ತಕ್ಕಡಿಯಲ್ಲಿ ಚೀಲ ಇಟ್ಟು ಅಂಕಿ ನಿಲ್ಲುವ ತನಕ ಎರಡನೆಯದು ಕಲ್ಲಿನ ಹಾಗೆ ಕೂತಿರುತ್ತೆ. ನಲವತ್ತು ಜನ ಕತ್ತಲಾಗುವ ತನಕ ಚಳಿಯಲ್ಲಿ ಸಾಲು ನಿಂತರು. ಲೈನ್ ಮನೆಗೆ ಹೋಗಿ ಅವರು ಒಲೆ ಹಚ್ಚಬೇಕಲ್ಲ.

ಹಾಸನ ಮೇಷ್ಟ್ರು · ಸೋಮವಾರ, ರಾತ್ರಿ 8:40

ಲಾಕ್ ಹಿಡಿದುಕೊಂಡು ಕಾಯಬಾರದು. ತಕ್ಕಡಿಗಾಗಲಿ, ನೆಟ್‌ವರ್ಕಿಗಾಗಲಿ, ಪ್ರಿಂಟರಿಗಾಗಲಿ. ತೂಕವನ್ನು ಲಾಕ್ ಹೊರಗೆ ಓದಿ ಒಂದು ಹೆಸರಿನಲ್ಲಿ ಇಟ್ಟುಕೊಳ್ಳಿ. ಕೈಗೆ ಅಂಕಿ ಬಂದ ಮೇಲೆ ಲಾಕ್ ಹಿಡಿದು, ಕೂಡಿ, ಬಿಡಿ. ಒಳಗೆ ಇರುವ ಹೊತ್ತು ಮೈಕ್ರೋಸೆಕೆಂಡಿನಷ್ಟಾಗುತ್ತದೆ. ಲಾಕನ್ನು ಪೈಥಾನ್‌ನ 'ವಿತ್' ಪದದ ಜೊತೆಗೇ ಬಳಸಿ, ನಡುವೆ ಎರರ್ ಬಂದರೂ ತಾನಾಗಿ ಬಿಟ್ಟುಕೊಳ್ಳುತ್ತದೆ.

ಬೇಲೂರು ಬಿಇ · ಸೋಮವಾರ, ರಾತ್ರಿ 8:52

ಸರ್, ತೂಕವನ್ನು ಮೊದಲೇ ಓದಿಟ್ಟುಕೊಂಡರೆ ಲಾಕ್ ಯಾಕೆ ಬೇಕು? ಎರಡು ಸೆಕೆಂಡಿನ ಸಂದೇ ಹೋಯಿತಲ್ಲ.

ಹಾಸನ ಮೇಷ್ಟ್ರು · ಸೋಮವಾರ, ರಾತ್ರಿ 9:10

ಸಂದು ಸಣ್ಣದಾಯಿತು, ಮುಚ್ಚಲಿಲ್ಲ. ಸಣ್ಣ ಸಂದಿಗೆ ನಾನು ಹೆಚ್ಚು ಹೆದರುತ್ತೇನೆ. ಎರಡು ಸೆಕೆಂಡಿನದು ವಾರಕ್ಕೆ ನಾಲ್ಕು ಸಲ ಕೈಗೆ ಸಿಗುತ್ತದೆ. ಮೈಕ್ರೋಸೆಕೆಂಡಿನದು ಇಡೀ ಕುಯ್ಲಿಗೆ ಒಂದು ಸಲ ಬಂದು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇವತ್ತಿನ ಪೈಥಾನ್ ಆವೃತ್ತಿಯಲ್ಲಿ ಅದು ಕಾಣಿಸದೇ ಇರಬಹುದು, ಮುಂದಿನ ಆವೃತ್ತಿಯಲ್ಲಿ ಕಾಣಿಸಬಹುದು.

ತರಗತಿಯಲ್ಲಿ ನಾನು ತಪ್ಪದೆ ಹೇಳುವ ಒಂದು ಸಂಗತಿ ಇದೆ. ಥೆರಾಕ್-25 ಎಂಬ ಕ್ಯಾನ್ಸರ್ ವಿಕಿರಣ ಯಂತ್ರದಿಂದ 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಜನ ರೋಗಿಗಳಿಗೆ ವಿಪರೀತ ವಿಕಿರಣ ತಗುಲಿತು, ಕೆಲವರು ಜೀವ ಕಳೆದುಕೊಂಡರು. ಅದರ ಕಾರಣಗಳಲ್ಲಿ ಒಂದು ಇದೇ ಜಾತಿಯದು. ಪರದೆಯಲ್ಲಿ ವಿವರ ತುಂಬಿಸುವ ಭಾಗ ಮತ್ತು ಯಂತ್ರವನ್ನು ಅಣಿಮಾಡುವ ಭಾಗ ಒಂದೇ ಮೆಮೊರಿಯನ್ನು ಹಂಚಿಕೊಂಡಿದ್ದವು. ಅಯಸ್ಕಾಂತಗಳು ಸಜ್ಜಾಗಲು ಸುಮಾರು 8 ಸೆಕೆಂಡ್ ಬೇಕಿತ್ತು. ಕೈ ಪಳಗಿದ ಆಪರೇಟರ್ ಆ 8 ಸೆಕೆಂಡಿನೊಳಗೆ ತಿದ್ದುಪಡಿ ಮಾಡಿ ಮುಗಿಸಿದರೆ ಯಂತ್ರದ ಗಮನಕ್ಕೆ ಅದು ಬರುತ್ತಲೇ ಇರಲಿಲ್ಲ. ನಿಧಾನವಾಗಿ ಪರೀಕ್ಷೆ ಮಾಡಿದವರಿಗೆ ತಪ್ಪು ಕಾಣಲಿಲ್ಲ. ನೀವು ಭಾನುವಾರ ಒಬ್ಬರೇ ಕೂತು ತೂಗಿ ನೋಡಿದಿರಲ್ಲ, ಹಾಗೆಯೇ. ಇದಕ್ಕಿಂತ ಹಿಂದಿನ ಥೆರಾಕ್-20 ಯಂತ್ರದ ಸಾಫ್ಟ್‌ವೇರ್‌ನಲ್ಲೂ ಅಂಥ ದೋಷ ಇತ್ತು. ಅದರಲ್ಲಿ ಬೇರೆಯಾಗಿ ಹಾರ್ಡ್‌ವೇರ್ ತಡೆ ಇದ್ದುದರಿಂದ ಯಾರಿಗೂ ಹಾನಿಯಾಗಲಿಲ್ಲ. ಹೊಸದರಲ್ಲಿ ಆ ತಡೆಯನ್ನು ತೆಗೆದುಬಿಟ್ಟಿದ್ದರು.

ಸಕಲೇಶಪುರ ಲೈನು · ಮಂಗಳವಾರ, ಬೆಳಿಗ್ಗೆ 6:30

ನನಗೆ ಪ್ರೋಗ್ರಾಂ ಬರೆಯಲು ಬಾರದು, ಮಗ ಓದಿ ಹೇಳಿದ. ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಮೇಷ್ಟ್ರು ಹೇಳಿದ ತಡೆಯ ವಿಷಯ ನಮಗೆ ಅನ್ನದಷ್ಟು ಪರಿಚಿತ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಟ್ಟದಲ್ಲಿ ಸುಮಾರು 55 ಕಿಲೋಮೀಟರ್, 57 ಸುರಂಗ, ಹಳಿ ಒಂದೇ. ಎದುರಿಂದ ಇನ್ನೊಂದು ಗಾಡಿ ಬಂದರೆ ಪಕ್ಕಕ್ಕೆ ಸರಿಯುವ ಜಾಗ ಸ್ಟೇಷನ್‌ಗಳಲ್ಲಿ ಮಾತ್ರ. ಇಂಥ ಒಂಟಿ ಹಳಿಗಳಿಗೆ ಹಿಂದೆ ನಮ್ಮ ರೈಲ್ವೆಯಲ್ಲಿ ಟೋಕನ್ ಪದ್ಧತಿ ಇತ್ತು. ಎರಡು ಸ್ಟೇಷನ್‌ಗಳಲ್ಲೂ ಒಂದೊಂದು ಯಂತ್ರ, ಒಳಗೆ ಉಕ್ಕಿನ ಗುಂಡುಗಳು. ಆ ಕಡೆಯ ಸ್ಟೇಷನ್ನಿನವನು ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆ ಒಂದು ಗುಂಡು ಹೊರಗೆ ಬರುತ್ತದೆ. ಒಂದು ಹೊರಗಿದ್ದರೆ ಎರಡು ಯಂತ್ರದಲ್ಲಿ ಯಾವುದರಿಂದಲೂ ಇನ್ನೊಂದು ಬರುವುದಿಲ್ಲ. ಗುಂಡನ್ನು ಚೀಲದಲ್ಲಿಟ್ಟು ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡುತ್ತಿದ್ದೆವು. ಗುಂಡು ಕೈಯಲ್ಲಿ ಇಲ್ಲದೆ ಡ್ರೈವರ್ ಗಾಡಿ ಬಿಡುವಂತಿಲ್ಲ.

ನನಗೆ ಅರ್ಥವಾದ ಮಟ್ಟಿಗೆ ನಿಮ್ಮ ಲಾಕ್ ಎಂದರೆ ಈ ಗುಂಡು. ಒಂದು ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ಗುಂಡು ಆ ಹಳಿಯ ತುಂಡಿಗೇ ಸೇರಿದ್ದು, ಮರೆತರೆ ಯಂತ್ರ ಬಿಡುವುದಿಲ್ಲ. ನಿಮ್ಮಲ್ಲಿ ಯಾರಾದರೂ ಲಾಕ್ ಹಿಡಿಯಲು ಮರೆತು ಆ ಒಟ್ಟನ್ನು ಮುಟ್ಟಿದರೆ ತಡೆಯುವವರು ಯಾರು?

ಹಾಸನ ಮೇಷ್ಟ್ರು · ಮಂಗಳವಾರ, ಬೆಳಿಗ್ಗೆ 7:45

ಸರ್, ನಿಮಗೆ ನಮಸ್ಕಾರ. ಇದು ಇಡೀ ವಿಷಯದ ತಿರುಳು. ಲಾಕ್ ಹಾಕಬೇಕಾದದ್ದು ಕೋಡಿನ ಸಾಲಿಗಲ್ಲ, ಡೇಟಾಗೆ. ಒಟ್ಟನ್ನು ಮುಟ್ಟುವ ಎಲ್ಲ ಕಡೆಯೂ, ಓದುವ ಕಡೆಯೂ, ಅದೇ ಲಾಕ್ ಇರಬೇಕು. ಪೈಥಾನ್‌ನಲ್ಲಿ ಮರೆತರೆ ತಡೆಯುವವರು ಯಾರೂ ಇಲ್ಲ.

ನಿಮ್ಮ ರೈಲ್ವೆಗೆ ನಮ್ಮ ವಿದ್ಯೆ ಋಣಿಯಾಗಿದೆ. ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಈ ಸಮಸ್ಯೆಗೆ ಕಂಡುಕೊಂಡ ಸಾಧನಕ್ಕೆ ಇಟ್ಟ ಹೆಸರೇ ಸೆಮಫೋರ್. ಅಂದರೆ ಹಳೆಯ ರೈಲ್ವೆ ಕೈಮರ, ಕೈ ಎತ್ತಿ ಇಳಿಸಿ ಸಿಗ್ನಲ್ ಕೊಡುವ ಕಂಬ. ಚಿಕ್ಕಮಗಳೂರಿನವರಿಗೆ ಮುಳ್ಳಯ್ಯನಗಿರಿ ದಾರಿಯ ಕೈಮರ ಗೊತ್ತಲ್ಲ. ಅಲ್ಲಿನ ಚೆಕ್‌ಪೋಸ್ಟ್ ನೆನೆದುಕೊಂಡರೆ ಸೆಮಫೋರ್ ಇನ್ನೂ ಸುಲಭ. ಮೇಲೆ ಇಷ್ಟೇ ಗಾಡಿಗೆ ಜಾಗ ಎಂದು ಒಂದು ಎಣಿಕೆ ಇಟ್ಟುಕೊಂಡು, ಬಿಡುವಾಗ ಒಂದು ಕಳೆದು, ಇಳಿದು ಬಂದಾಗ ಒಂದು ಕೂಡಿ, ಸೊನ್ನೆಯಾದರೆ ಬಂದವರನ್ನು ನಿಲ್ಲಿಸುವುದು. ಎಣಿಕೆ ಒಂದೇ ಆದರೆ ಅದು ನಿಮ್ಮ ಉಕ್ಕಿನ ಗುಂಡು.

ಮಲ್ನಾಡ್ ರಸ್ಟ್ · ಮಂಗಳವಾರ, ಮಧ್ಯಾಹ್ನ 1:15

ಸಕಲೇಶಪುರದ ಸರ್ ಕೇಳಿದ್ದಕ್ಕೆ ರಸ್ಟ್ ಭಾಷೆಯಲ್ಲಿ ಉತ್ತರ ಇದೆ. ಅಲ್ಲಿ ಮ್ಯೂಟೆಕ್ಸ್ ಅನ್ನೋದು ಡೇಟಾದ ಪಕ್ಕ ಇಡುವ ಬೀಗ ಅಲ್ಲ, ಡೇಟಾವನ್ನೇ ಒಳಗಿಟ್ಟುಕೊಂಡ ಪೆಟ್ಟಿಗೆ. ಲಾಕ್ ಕೇಳಿದರೆ ಒಂದು ಗಾರ್ಡ್ ಕೈಗೆ ಬರುತ್ತೆ, ಆ ಗಾರ್ಡ್ ಮೂಲಕವೇ ಡೇಟಾ ಮುಟ್ಟಬೇಕು, ಬೇರೆ ದಾರಿ ಇಲ್ಲ. ಗಾರ್ಡ್‌ನ ಆಯಸ್ಸು ಮುಗಿದ ಕ್ಷಣ ಬೀಗ ತಾನೇ ಬಿಡುತ್ತೆ. ಥ್ರೆಡ್‌ಗಳ ನಡುವೆ ದಾಟಿಸಬಾರದ ವಸ್ತುವನ್ನು ದಾಟಿಸಲು ಹೋದರೆ ಪ್ರೋಗ್ರಾಂ ಕಂಪೈಲೇ ಆಗಲ್ಲ, ಅಂದರೆ ಓಡುವ ರೂಪಕ್ಕೇ ಬರಲ್ಲ. ಉದಾಹರಣೆಗೆ ಒಂದೇ ವಸ್ತುವನ್ನು ಎಷ್ಟು ಕಡೆ ಬಳಸ್ತಿದ್ದಾರೆ ಅಂತ ಎಣಿಸುವ ಆರ್‌ಸಿ ಒಂದೇ ಥ್ರೆಡ್‌ಗೆ ಮೀಸಲು, ಹಲವು ಥ್ರೆಡ್‌ಗೆ ಆರ್ಕ್ ಬೇಕು. 2015ರಲ್ಲಿ 1.0 ಬಂದಾಗಿನಿಂದ ಇದು ಭಾಷೆಯ ಬುಡದಲ್ಲೇ ಇದೆ.

ಇಷ್ಟು ಹೊಗಳಿದ ಮೇಲೆ ನಿಜವನ್ನೂ ಹೇಳಬೇಕು. ರಸ್ಟ್ ತಡೆಯೋದು ಡೇಟಾ ರೇಸನ್ನು, ಅಂದರೆ ಒಂದೇ ಜಾಗವನ್ನು ಕ್ರಮವಿಲ್ಲದೆ ಇಬ್ಬರು ಮುಟ್ಟಿ ಅವರಲ್ಲೊಬ್ಬರಾದರೂ ಬರೆಯೋದನ್ನು. ನೀವು ಬೀಗ ಹಿಡಿದು 31 ಅಂತ ನಕಲು ಮಾಡಿಕೊಂಡು, ಬೀಗ ಬಿಟ್ಟು, ತಕ್ಕಡಿಗೆ ಕಾದು, ಮತ್ತೆ ಬೀಗ ಹಿಡಿದು 57 ಅಂತ ಬರೆದರೆ ರಸ್ಟ್ ಕಂಪೈಲರ್ ಚಕಾರ ಎತ್ತಲ್ಲ. ಡೇಟಾ ರೇಸ್ ಇಲ್ಲ, ಚೀಲ ಮಾತ್ರ ಹೋಗಿರುತ್ತೆ. ಓದಿದ್ದು ಮತ್ತು ಬರೆದದ್ದು ಒಂದೇ ಹಿಡಿತದಲ್ಲಿ ಇರಬೇಕು ಅನ್ನೋದನ್ನು ಮನುಷ್ಯರೇ ನೋಡ್ಕೋಬೇಕು. ಡೆಡ್‌ಲಾಕ್, ಅಂದರೆ ಇಬ್ಬರೂ ಒಬ್ಬರಿಗೊಬ್ಬರು ಕಾದು ನಿಂತುಬಿಡೋದು, ಅದನ್ನೂ ರಸ್ಟ್ ತಡೆಯಲ್ಲ.

ಬೇಲೂರು ಬಿಇ · ಮಂಗಳವಾರ, ಮಧ್ಯಾಹ್ನ 2:00

ಜಾವಾ ಭಾಷೆಯಲ್ಲಿ ಒಟ್ಟಿನ ಮುಂದೆ ವೊಲಟೈಲ್ ಅನ್ನೋ ಪದ ಹಾಕಿದರೆ ಸಾಕಲ್ವಾ?

ಮಲ್ನಾಡ್ ರಸ್ಟ್ · ಮಂಗಳವಾರ, ಮಧ್ಯಾಹ್ನ 2:20

ಸಾಲದು. ಒಂದು ಥ್ರೆಡ್ ಬರೆದದ್ದು ಇನ್ನೊಂದಕ್ಕೆ ಕಾಣಿಸುತ್ತೆ ಅನ್ನೋ ಭರವಸೆ ಅದು, ಓದಿ ಕೂಡಿ ಬರೆಯೋದನ್ನು ಒಂದೇ ಏಟಿಗೆ ಮಾಡಿಕೊಡಲ್ಲ. ಎಣಿಕೆಗೆ ಒಂದೇ ಏಟಿಗೆ ಕೂಡುವ ಅಟಾಮಿಕ್ ಇಂಟಿಜರ್ ಇದೆ, ದೊಡ್ಡದಕ್ಕೆ ಸಿಂಕ್ರನೈಸ್ಡ್ ಅನ್ನೋ ಲಾಕ್ ಇದೆ. ಹಾಗಂತ ಕಾಣಿಸೋದು ಚಿಲ್ಲರೆ ವಿಷಯವಲ್ಲ. ಕಂಪೈಲರ್ರೂ ಪ್ರೊಸೆಸರ್ರೂ ವೇಗಕ್ಕಾಗಿ ಕೆಲಸದ ಕ್ರಮವನ್ನು ಹಿಂದುಮುಂದು ಮಾಡ್ತಾವೆ. ಜಾವಾದವರು 2004ರಲ್ಲಿ ಜಾವಾ 5ರ ಜೊತೆ ಮೆಮೊರಿ ನಿಯಮಗಳನ್ನೇ ತಿದ್ದಿ ಬರೆಯಬೇಕಾಯ್ತು. ಸಿ++ಗೆ ಅಂಥ ನಿಯಮ ಬಂದದ್ದೇ 2011ರಲ್ಲಿ.

ಆಲ್ದೂರು ಕಣ · ಗುರುವಾರ, ರಾತ್ರಿ 9:30

ಇವತ್ತು ಸಂಜೆ ಐದೂವರೆಗೆ ಪ್ರೋಗ್ರಾಂ ಪೂರ್ತಿ ನಿಂತುಹೋಯ್ತು. ಎರರ್ ಇಲ್ಲ, ಪರದೆ ಹಾಗೇ ಇದೆ, ಎರಡು ತಕ್ಕಡಿಯೂ ಸುಮ್ಮನೆ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ.

ನಿನ್ನೆ ನಾನು ಮಾಡಿದ ಬದಲಾವಣೆ ಹೇಳ್ತೀನಿ. ಪ್ರತಿ ತೂಕವನ್ನೂ ಒಂದು ಫೈಲಿಗೆ ಬರೆಯಲು ಶುರುಮಾಡಿದೆ, ಅದಕ್ಕೆ ಇನ್ನೊಂದು ಲಾಕ್. ತಕ್ಕಡಿಯ ಥ್ರೆಡ್ ಒಟ್ಟಿನ ಲಾಕ್ ಹಿಡಿದು, ಅದರೊಳಗೆ ಫೈಲಿನ ಲಾಕ್ ಹಿಡಿಯುತ್ತೆ. ಫೋನಿಗೆ ಕಳಿಸುವ ಥ್ರೆಡ್ ಮೊದಲು ಫೈಲಿನ ಲಾಕ್ ಹಿಡಿದು, ಆಮೇಲೆ ಒಟ್ಟಿನ ಲಾಕ್ ಕೇಳುತ್ತೆ.

ಸಕಲೇಶಪುರ ಲೈನು · ಗುರುವಾರ, ರಾತ್ರಿ 9:50

ತಾಯಿ, ಘಟ್ಟದ ಕಿರಿದಾದ ಸೇತುವೆಯ ಮೇಲೆ ಎರಡು ಲಾರಿ ಎದುರುಬದುರು ನಿಂತ ಹಾಗಾಯಿತು. ಹಿಂದಕ್ಕೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ.

ಹಾಸನ ಮೇಷ್ಟ್ರು · ಗುರುವಾರ, ರಾತ್ರಿ 10:15

ಹೌದು, ಡೆಡ್‌ಲಾಕ್. ಇದು ಆಗಲು ನಾಲ್ಕು ಷರತ್ತು ಕೂಡಿ ಬರಬೇಕು ಎಂದು 1971ರಲ್ಲಿ ಕಾಫ್‌ಮನ್ ಮತ್ತು ಜೊತೆಗಾರರು ಬರೆದಿಟ್ಟರು. ವಸ್ತು ಒಬ್ಬರ ಕೈಯಲ್ಲೇ ಇರುವುದು, ಒಂದನ್ನು ಹಿಡಿದು ಇನ್ನೊಂದಕ್ಕೆ ಕಾಯುವುದು, ಕೈಯಿಂದ ಕಿತ್ತುಕೊಳ್ಳಲು ಆಗದಿರುವುದು, ಕಾಯುವಿಕೆ ಸುತ್ತು ಹಾಕಿಕೊಳ್ಳುವುದು. ಒಂದನ್ನು ಮುರಿದರೂ ಸಾಕು. ಸುಲಭವಾಗಿ ಮುರಿಯಬಹುದಾದದ್ದು ಕೊನೆಯದು. ಲಾಕ್‌ಗಳಿಗೆ ಒಂದು ಕ್ರಮ ಗೊತ್ತುಮಾಡಿ, ಎಲ್ಲ ಥ್ರೆಡ್ಡುಗಳೂ ಅದೇ ಕ್ರಮದಲ್ಲಿ ಹಿಡಿಯಬೇಕು. ಮೊದಲು ಒಟ್ಟು, ಆಮೇಲೆ ಫೈಲು.

ಆದರೆ ಮೂರು ಥ್ರೆಡ್ಡಿಗೆ ಎರಡು ಲಾಕ್ ಬಂದಿದೆ, ಇನ್ನು ಪ್ರಿಂಟರಿಗೆ ಮೂರನೆಯದು ಬರುತ್ತದೆ. ಸ್ವಲ್ಪ ನಿಲ್ಲಿ. ಬೇರೆ ದಾರಿ ಇದೆಯೇ ಎಂದು ಯೋಚಿಸೋಣ.

ಮೂಡಿಗೆರೆ ರೈಟರು · ಶುಕ್ರವಾರ, ಬೆಳಿಗ್ಗೆ 5:55

ಒಂದು ಎಸ್ಟೇಟಿನಲ್ಲಿ 30 ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನಮ್ಮ ಕಾಲದಲ್ಲೂ ಹಣ್ಣು ಜಾಸ್ತಿ ಇದ್ದ ದಿನ ಎರಡು ತಕ್ಕಡಿ ಇಡ್ತಿದ್ದೆವು. ಈ ರೀತಿ ಚೀಲ ಹೋದದ್ದು ನನಗೆ ನೆನಪಿಲ್ಲ. ಯಾಕೆ ಅಂತ ರಾತ್ರಿ ಯೋಚನೆ ಮಾಡಿದೆ.

ತಕ್ಕಡಿ ಎರಡಿದ್ದರೂ ಪುಸ್ತಕ ಒಂದೇ, ಪೆನ್ನು ಒಂದೇ, ಅದು ನನ್ನ ಕೈಯಲ್ಲಿ. ತೂಗುವವರು "ಇಪ್ಪತ್ಮೂರು, ಇಪ್ಪತ್ತೆಂಟು ಕಿಲೋ" ಅಂತ ಕೂಗ್ತಿದ್ದರು. ನಾನು ತಲೆ ಎತ್ತದೆ ಬರೆದು ವಾಪಸು ಹೇಳ್ತಿದ್ದೆ, ಆಮೇಲೆ ಚೀಲ ಇಳಿಸ್ತಿದ್ದರು. ಇಬ್ಬರು ಒಟ್ಟಿಗೆ ಕೂಗಿದರೆ ಒಬ್ಬರದ್ದು ಬರೆದು ಮುಗಿಸಿ ಇನ್ನೊಬ್ಬರದ್ದು. ತೂಗುವವರಿಗೆ ಪುಸ್ತಕ ಮುಟ್ಟಲು ಬಿಡ್ತಿರಲಿಲ್ಲ. ದೊರೆಗಳೇ ಬಂದು ಕೇಳಿದರೂ ನಾನೇ ಓದಿ ಹೇಳ್ತಿದ್ದೆ. ನೀವು ಪುಸ್ತಕವನ್ನು ಎರಡು ತಕ್ಕಡಿಯವರ ಕೈಗೂ ಕೊಟ್ಟಿದ್ದೀರಿ ಅಂತ ಕಾಣುತ್ತೆ.

ಮಲ್ನಾಡ್ ರಸ್ಟ್ · ಶುಕ್ರವಾರ, ಬೆಳಿಗ್ಗೆ 8:30

ರೈಟರೇ, ನೀವು ಹೇಳಿದ್ದು ಗಣಕ ವಿಜ್ಞಾನದಲ್ಲಿ ದೊಡ್ಡ ವಿಚಾರ. 1978ರಲ್ಲಿ ಟೋನಿ ಹೋರ್ ಇದನ್ನೇ ಪ್ರಬಂಧವಾಗಿ ಬರೆದರು. ಪ್ರೋಗ್ರಾಮಿನ ಭಾಗಗಳು ಮೆಮೊರಿ ಹಂಚಿಕೊಳ್ಳೋದು ಬೇಡ, ಒಬ್ಬರಿಗೊಬ್ಬರು ಸಂದೇಶ ದಾಟಿಸಲಿ ಅಂತ. 2009ರಲ್ಲಿ ಹೊರಬಂದ ಗೋ ಭಾಷೆಯ ಚಾನೆಲ್‌ಗಳು ಆ ಬೇರಿನಿಂದ ಬಂದವು.

ಆಲ್ದೂರಿನ ಅಕ್ಕ, ಪೈಥಾನ್‌ನಲ್ಲಿ ಕ್ಯೂ, ಅಂದರೆ ಸಂದೇಶಗಳ ಸರದಿ ಸಾಲು, ಸಿದ್ಧವಾಗಿದೆ, ಅದರೊಳಗಿನ ಲಾಕ್ ಅದೇ ನೋಡಿಕೊಳ್ಳುತ್ತೆ. ತಕ್ಕಡಿಯ ಥ್ರೆಡ್‌ಗಳು ನಂಬರ್ ಮತ್ತು ಕಿಲೋವನ್ನು ಕ್ಯೂಗೆ ಹಾಕಲಿ. ರೈಟರ್ ಅಂತ ಒಂದೇ ಥ್ರೆಡ್ ಇಟ್ಟು, ಅದು ಒಂದೊಂದಾಗಿ ಎತ್ತಿ ಬರೆಯಲಿ. ಒಟ್ಟು, ಫೈಲು, ಪ್ರಿಂಟರು ಮೂರೂ ಅದರ ಸ್ವತ್ತು. ನೀವು ಬರೆದ ಲಾಕ್ ಒಂದೂ ಉಳಿಯಲ್ಲ.

ಅರಸೀಕೆರೆ ರೋಕಡಿ · ಶುಕ್ರವಾರ, ಬೆಳಿಗ್ಗೆ 10:10

ಕೊಬ್ಬರಿ ಮಂಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ಕ್ಯೂ ಸರಿ, ಆದರೆ ಕ್ಯೂ ಇರೋದು ಮೆಮೊರಿಯಲ್ಲಿ. ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ನಾನು ಹೇಳಬೇಕಾ? ಲ್ಯಾಪ್‌ಟಾಪ್ ಬ್ಯಾಟರಿ ಹಳೆಯದಾಗಿದ್ದರೆ ಕ್ಯೂನಲ್ಲಿದ್ದ ಚೀಲಗಳೆಲ್ಲ ಹೋದವು.

ಮೂಲದಲ್ಲೇ ಒಂದು ಪ್ರಶ್ನೆ ಕೇಳ್ತೀನಿ. ಒಟ್ಟನ್ನು ಯಾಕೆ ಇಟ್ಕೊಂಡಿದ್ದೀರಿ? ಮಂಡಿಯಲ್ಲಿ ಮೊದಲು ರೋಕಡಿ, ಆಮೇಲೆ ಖಾತೆ. ರೋಕಡಿಯಲ್ಲಿ ಒಂದೊಂದು ವ್ಯವಹಾರವೂ ಒಂದೊಂದು ಸಾಲು, ಬರೆದದ್ದನ್ನು ಅಳಿಸೋ ಹಾಗಿಲ್ಲ. ರೋಕಡಿ ಬಿಟ್ಟು ಖಾತೆಯ ಒಟ್ಟನ್ನೇ ತಿದ್ದುವ ಗುಮಾಸ್ತನನ್ನು ಯಾರೂ ಕೆಲಸಕ್ಕೆ ಇಟ್ಕೊಳ್ಳಲ್ಲ. ನಿಮ್ಮ ಪ್ರೋಗ್ರಾಂ ಅದನ್ನೇ ಮಾಡ್ತಿತ್ತು. 31 ಅಳಿಸಿ 59, 59 ಅಳಿಸಿ 57. ಅಳಿಸುವ ಜಾಗ ಇದ್ದದ್ದಕ್ಕೇ ಇಬ್ಬರು ಗುದ್ದಾಡಿದರು. 31, 28, 26 ಅಂತ ಮೂರು ಸಾಲು ಬರೆದಿಟ್ಟರೆ ಯಾವುದು ಮೊದಲು ಬಂದರೂ ಕೂಡಿದಾಗ 85. ಹಂಚಿಕೊಂಡು ತಿದ್ದುವ ವಸ್ತುವೇ ಇಲ್ಲದಾಯ್ತು.

ಎಸ್‌ಕ್ಯೂಲೈಟ್ ಬಳಸಿ, ಡಿಸ್ಕಿನಲ್ಲಿ ಉಳಿಯುವ ಸಣ್ಣ ಡೇಟಾಬೇಸ್ ಅದು. ರೈಟರ್ ಥ್ರೆಡ್ ಒಂದು ಸಾಲು ಸೇರಿಸಿ, ಕಮಿಟ್ ಆದ ಮೇಲೆ, ಅಂದರೆ ಡಿಸ್ಕಿನಲ್ಲಿ ಖಾಯಂ ಆದ ಮೇಲೆ, ಚೀಟಿ ಕೊಡಲಿ. ಚೀಟಿ ಬಂದಿಲ್ಲ ಅಂದರೆ ಚೀಲ ಇಳಿಸಬೇಡಿ. ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ವಾಲ್ ಮೋಡ್ ಹಾಕಿದರೆ ಫೋನಿಗೆ ಕಳಿಸುವ ಥ್ರೆಡ್ ಓದುವಾಗ ಬರೆಯುವವರು ನಿಲ್ಲಬೇಕಾಗಿಲ್ಲ, ಬರೆಯುವಾಗ ಓದುವವರೂ ನಿಲ್ಲಬೇಕಾಗಿಲ್ಲ. ಬರೆಯುವವರು ಮಾತ್ರ ಒಂದು ಸಲಕ್ಕೆ ಒಬ್ಬರೇ, ನಿಮಗೆ ಇರೋದೂ ಒಬ್ಬರೇ. ಸಿಂಕ್ರನಸ್ ಅನ್ನುವ ಸೆಟ್ಟಿಂಗ್ ಫುಲ್‌ನಲ್ಲೇ ಇರಲಿ. ನಾರ್ಮಲ್ ಮಾಡಿದರೆ ವೇಗ ಹೆಚ್ಚುತ್ತೆ, ಆದರೆ ವಾಲ್ ಮೋಡಿನಲ್ಲಿ ಕರೆಂಟ್ ಹೋದಾಗ ಕೊನೆಯ ಕಮಿಟ್‌ಗಳು ಹೋಗಬಹುದು. ಓದುವ ಥ್ರೆಡ್‌ಗೆ ಡೇಟಾಬೇಸಿಗೆ ಬೇರೆ ಕನೆಕ್ಷನ್ ತೆರೆಯಿರಿ. ಒಂದು ಥ್ರೆಡ್ ತೆರೆದ ಕನೆಕ್ಷನ್ನನ್ನು ಇನ್ನೊಂದು ಮುಟ್ಟಿದರೆ ಪೈಥಾನ್ ಮಾಮೂಲಿಯಾಗಿ ಎರರ್ ಕೊಡುತ್ತೆ, ಆ ಕಾವಲನ್ನು ತೆಗೆಯಬೇಡಿ.

ಬೇಲೂರು ಬಿಇ · ಶುಕ್ರವಾರ, ಬೆಳಿಗ್ಗೆ 11:00

ಕಮಿಟ್ ಆಗಿ ಚೀಟಿ ಬರುವ ಮೊದಲೇ ಕರೆಂಟ್ ಹೋದರೆ? ಅವರು ಮತ್ತೆ ತೂಗಿಸ್ತಾರೆ, ಎರಡು ಸಲ ಸೇರುತ್ತಲ್ಲ.

ಅರಸೀಕೆರೆ ರೋಕಡಿ · ಶುಕ್ರವಾರ, ಬೆಳಿಗ್ಗೆ 11:10

ಒಳ್ಳೆ ಪ್ರಶ್ನೆ ತಮ್ಮ. ಪ್ರತಿ ಸಾಲಿಗೂ ಚೀಟಿ ಕೊಟ್ಟಾಯ್ತಾ ಅಂತ ಒಂದು ಗುರುತು. ಶುರುವಾಗುವಾಗ ಚೀಟಿ ಕೊಡದ ಸಾಲು ಇದ್ದರೆ ಮೊದಲು ಅದನ್ನು ಮುದ್ರಿಸಲಿ.

ಕೊಟ್ಟಿಗೆಹಾರ ಮಳೆ · ಶುಕ್ರವಾರ, ಮಧ್ಯಾಹ್ನ 12:40

ನಮ್ಮ ಹೋಂಸ್ಟೇಗೆ ಬುಕಿಂಗ್ ಪುಟ ಮಾಡಿಸಿದ್ದೆ. ಒಂದೇ ರೂಮನ್ನು ಒಂದೇ ರಾತ್ರಿಗೆ ಇಬ್ಬರಿಗೆ ಕೊಟ್ಟು, ಮಕ್ಕಳನ್ನು ಕರ್ಕೊಂಡು ಬಂದವರನ್ನು ವಾಪಸು ಕಳಿಸಬೇಕಾಯ್ತು. ಇದೇ ಕಾಯಿಲೆನಾ?

ಅರಸೀಕೆರೆ ರೋಕಡಿ · ಶುಕ್ರವಾರ, ಮಧ್ಯಾಹ್ನ 12:55

ಇದೇ. ಖಾಲಿ ಇದೆಯಾ ನೋಡೋದು, ಆಮೇಲೆ ಬರೆಯೋದು, ನಡುವೆ ಇನ್ನೊಬ್ಬರು ನುಗ್ಗಿದರು. ರೂಮ್ ಮತ್ತು ತಾರೀಖು ಜೋಡಿಯ ಮೇಲೆ ಡೇಟಾಬೇಸಿನಲ್ಲೇ ಯೂನಿಕ್ ನಿರ್ಬಂಧ ಹಾಕಿಸಿ, ಒಂದೇ ಜೋಡಿ ಎರಡು ಸಲ ಬಾರದ ಹಾಗೆ. ಎರಡನೆಯವರಿಗೆ ಡೇಟಾಬೇಸೇ ಇಲ್ಲ ಅನ್ನುತ್ತೆ.

ಹಾಸನ ಮೇಷ್ಟ್ರು · ಶುಕ್ರವಾರ, ರಾತ್ರಿ 9:00

ಪರೀಕ್ಷೆಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹೊಸದನ್ನು ಬರೆದ ಮೇಲೆ ಹಳೆಯ ತಪ್ಪನ್ನು ಬೇಕೆಂದೇ ಮಾಡಿಸಿ ನೋಡಿ. ಸುಳ್ಳು ತಕ್ಕಡಿಯ ಫಂಕ್ಷನ್ ಬರೆದು ಅದರೊಳಗೆ ಬೇಕಾಬಿಟ್ಟಿ ಹೊತ್ತಿನ ನಿದ್ದೆ ಹಾಕಿ, ಎರಡೂ ಥ್ರೆಡ್ಡಿನಿಂದ ಒಂದೇ ನಂಬರಿಗೆ ಸಾವಿರ ಚೀಲ ಕಳಿಸಿ. ಹಳೆಯ ಕೋಡು ಸೋಲಬೇಕು, ಹೊಸದು ಗೆಲ್ಲಬೇಕು. ಹಳೆಯದು ಸೋಲದಿದ್ದರೆ ಪರೀಕ್ಷೆಯೇ ಸರಿಯಿಲ್ಲ. ಗೋದಲ್ಲಿ ಬರೆದಿದ್ದರೆ ಡೇಟಾ ರೇಸ್ ಹಿಡಿದುಕೊಡುವ ರೇಸ್ ಡಿಟೆಕ್ಟರ್ ಜೊತೆಗೇ ಬರುತ್ತದೆ, ಸಿ ಮತ್ತು ಸಿ++ಗೆ ಥ್ರೆಡ್ ಸ್ಯಾನಿಟೈಸರ್ ಇದೆ.

ಎರಡನೆಯದು, ಹೊರಗಿನ ಅಳತೆ. ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕುವ ಮುಂಚೆ ಇಡೀ ದಿನದ ಹಣ್ಣನ್ನು ಬೇರೆ ತೂಗುತ್ತೀರಾ? ಆ ಅಂಕಿಯನ್ನೂ ಎಲ್ಲರ ಮೊತ್ತವನ್ನೂ ಪ್ರತಿ ರಾತ್ರಿ ಪಕ್ಕಪಕ್ಕ ಇಡಿ. ಥೆರಾಕ್-20ರಲ್ಲಿ ಇದ್ದು 25ರಲ್ಲಿ ಇಲ್ಲದೇ ಹೋದದ್ದು ಇಂಥ ಕಾವಲು.

ಆಲ್ದೂರು ಕಣ · ಮುಂದಿನ ಬುಧವಾರ, ರಾತ್ರಿ 10:20

ಎಲ್ಲರಿಗೂ ಕೈಮುಗಿದು ಹೇಳ್ತಿದ್ದೀನಿ. ಶನಿವಾರ ಭಾನುವಾರ ಕೂತು ಪೂರ್ತಿ ಹೊಸದಾಗಿ ಬರೆದೆ. ಆ ಥ್ರೆಡ್ಡಿಗೆ ರೈಟರ್ ಅಂತಲೇ ಹೆಸರಿಟ್ಟಿದ್ದೀನಿ. ನನ್ನ ಕೋಡಿನಲ್ಲಿ ಈಗ ಲಾಕ್ ಇಲ್ಲ, ನಂಬರ್‌ಗೊಂದು ಮೊತ್ತ ಇಟ್ಟಿದ್ದ ಒಟ್ಟು ಅನ್ನುವ ಡಿಕ್ಷನರಿಯೂ ಇಲ್ಲ. ಮೇಷ್ಟ್ರು ಹೇಳಿದ ಪರೀಕ್ಷೆಯಲ್ಲಿ ಹಳೆಯ ಕೋಡು ಸಾವಿರ ಚೀಲದಲ್ಲಿ ಅರ್ಧದಷ್ಟು ಕಳೆದುಹಾಕಿತು. ಹೊಸದು ಮೂರು ಸಲ ಓಡಿಸಿದರೂ ಸಾವಿರಕ್ಕೆ ಸಾವಿರ ಕೊಟ್ಟಿತು.

ಪಲ್ಪರ್ ಮನೆಯ ಪುಸ್ತಕ ತೆಗೆದು ನೋಡಿದೆ. ನನ್ನ ಪ್ರೋಗ್ರಾಂ ಓಡಿದ 19 ದಿನದಲ್ಲಿ ಹಣ್ಣು ಹೆಚ್ಚು, ಪಟ್ಟಿ ಕಡಿಮೆ. ಚೀಟಿ ಇಟ್ಟುಕೊಂಡವರ ಚೀಟಿ ಎಲ್ಲ ತರಿಸಿ ಒಂದೊಂದೇ ತಾಳೆ ಹಾಕಿದೆವು. 11 ಚೀಲ ಸಿಕ್ಕಿತು, 264 ಕಿಲೋ. ಕಿಲೋಗೆ 5 ರೂಪಾಯಿಯಂತೆ 1,320 ರೂಪಾಯಿ. ಇವತ್ತು ಕಣದಲ್ಲಿ ಎಲ್ಲರ ಎದುರಿಗೆ ಏನಾಗಿತ್ತು ಅಂತ ಹೇಳಿ ಕೊಟ್ಟೆ. ಪಲ್ಪರ್ ಲೆಕ್ಕದ ಪ್ರಕಾರ ಇನ್ನೂ ಸುಮಾರು 90 ಕಿಲೋ ಯಾರದ್ದು ಅಂತ ಗೊತ್ತಾಗಿಲ್ಲ. ಆ ದಿನಗಳಲ್ಲಿ ಎರಡು ಚೀಲಕ್ಕಿಂತ ಹೆಚ್ಚು ತೂಗಿಸಿದ ನಂಬರ್‌ಗಳನ್ನು ಬರೆದು, ಅವರವರನ್ನೇ ಕೂರಿಸಿ ಕೇಳ್ತಿದ್ದೀವಿ.

ಮೂಡಿಗೆರೆ ರೈಟರು · ಗುರುವಾರ, ಬೆಳಿಗ್ಗೆ 6:05

ಒಂದೇ ನಂಬರಿನಲ್ಲಿ ಇಬ್ಬರು ತೂಗಿಸುವ ಮನೆಗಳನ್ನು ಮೊದಲು ಕೇಳಿ ಅಮ್ಮ. ಒಬ್ಬರೇ ಇದ್ದರೆ ಎರಡು ತಕ್ಕಡಿಗೆ ಒಟ್ಟಿಗೆ ಹೋಗಲು ಆಗಲ್ಲ.

ಆಲ್ದೂರು ಕಣ · ಗುರುವಾರ, ರಾತ್ರಿ 9:15

ಹೌದಲ್ಲ ರೈಟರೇ, ನನಗೆ ಹೊಳೆದೇ ಇರಲಿಲ್ಲ. ಅಂಥ ಮನೆಗಳು ಆರೇ ಇದ್ದಾವೆ. ಇವತ್ತು ಸಂಜೆ ನಾಲ್ಕು ಮನೆಯವರ ಜೊತೆ ಕೂತೆ, 52 ಕಿಲೋ ಯಾರದ್ದು ಅಂತ ಗೊತ್ತಾಯ್ತು. ಉಳಿದ ಎರಡು ಮನೆಯವರು ಊರಿಗೆ ಹೋಗಿದ್ದಾರೆ, ಭಾನುವಾರ ಬರ್ತಾರಂತೆ. ಸೋಮವಾರದಿಂದ ರೊಬಸ್ಟಾ ಶುರು, ಮೂರನೇ ತಕ್ಕಡಿ ಇಡ್ತಿದ್ದೀವಿ. ಪ್ರೋಗ್ರಾಮಿನಲ್ಲಿ ಬದಲಾಗಿದ್ದು ಒಂದೇ ಸಾಲು.